ನಮ್ಮ ವಿದ್ಯಾರ್ಥಿಗಳೂ ಜೈವಿಕ ತಂತ್ರಜ್ಞಾನವೂ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಲ-ಬಡ್ಡಿಯ ಮಾತು ಇವತ್ತೊಂದು ದಿನ ಬ್ಯಾಡ್ರಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಆದ್ದರಿಂದ ಮಕ್ಕಳ ಮಾತು ಆಡುತ್ತೇವೆ.

ಕೋಟನೂರಿನಿಂದ ಕಲಬುರಗಿಯ ಕಾಲೇಜುಗಳಿಗೆ ಹೋಗಿ ವಿಜ್ಞಾನ, ಕೃಷಿ ಓದುವ ಕೆಲವು ಹುಡುಗ-ಹುಡುಗಿಯರನ್ನು ಕೂಡಿಸಿಕೊಂಡು, ಒಕ್ಕಲುತನಕ್ಕೆ ಜೈವಿಕ ತಂತ್ರಜ್ಞಾನ ಬೇಕೋ ಬೇಡವೋ ಎಂದು ಕೇಳಿದೆವು. ಎರಡು ಪಂಗಡವಾದವು. "ಬ್ಯಾಡ್ರಿ ಸರ್, ಕಂಪನಿ ಬೀಜ ಅದು, ಭೂಮಿ ಕೆಡ್ತದ" ಎಂದು ಕೆಲವರು. "ಬೇಕೇ ಬೇಕ್ರಿ, ಅದಿಲ್ಲಂದ್ರ ಮುಂದ ಊಟಕ್ಕ ಸಾಲೂದಿಲ್ಲ" ಎಂದು ಉಳಿದವರು. ಜಗಳ ಜೋರಾಗಿಯೇ ನಡೆಯಿತು. ಆದರೆ ಇಬ್ಬರ ತಲೆಯಲ್ಲೂ ಇದ್ದದ್ದು ಬಿ.ಟಿ. ಹತ್ತಿ ಬೀಜವೊಂದೇ. ಟ್ರೈಕೋಡರ್ಮ ಗೊತ್ತೇನು ಎಂದರೆ ಪರೀಕ್ಷೆಯಲ್ಲಿ ಬರೆದವರಿದ್ದರು, ಕೈಯಿಂದ ಮುಟ್ಟಿದವರು ಒಬ್ಬರೂ ಇರಲಿಲ್ಲ.

ಬೇಡ ಎನ್ನುವವರ ಅಂಜಿಕೆಗೆ ಕಾರಣವಿದೆ. 1998ರ ನವೆಂಬರಿನಲ್ಲಿ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ಪ್ರಯೋಗದ ಬಿ.ಟಿ. ಹತ್ತಿಯನ್ನು ಕಿತ್ತು ಸುಟ್ಟರು. 2002ರಲ್ಲಿ ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮೊದಮೊದಲು ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದು ಕಡಿಮೆಯಾಯಿತು, ಇಲ್ಲ ಅನ್ನಬಾರದು. ಮುಂದೆ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು. ಹೈಬ್ರಿಡ್ ಆದ್ದರಿಂದ ಬೀಜವನ್ನು ವರ್ಷಾ ವರ್ಷಾ ಕೊಳ್ಳಲೇಬೇಕು. ಬಿ.ಟಿ. ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ತಡೆ ಹಾಕಿತು. ನಮ್ಮ ದೇಶದಲ್ಲಿ ರೈತರು ಬೆಳೆಯಲು ವ್ಯಾಪಾರಕ್ಕೆ ಬಿಟ್ಟ ಕುಲಾಂತರಿ ಬೆಳೆ ಇವತ್ತಿಗೂ ಹತ್ತಿ ಒಂದೇ.

ಆದರೆ ನಮ್ಮ ಜೀವನ ನಿಂತದ್ದು ತೊಗರಿಯ ಮೇಲೆ. 2011ರಲ್ಲಿ ತೊಗರಿಯ ವಂಶವಾಹಿಗಳ ಕರಡು ನಕ್ಷೆ ಸಿದ್ಧವಾಯಿತು. ಪಟಾಂಚೆರುವಿನ ಇಕ್ರಿಸ್ಯಾಟ್ ಮುಂದಾಳಾಗಿದ್ದ ತಂಡ ಅದಕ್ಕೆ ಆರಿಸಿದ್ದು ಯಾವ ತಳಿ ಅಂತೀರಿ? ಆಶಾ! ನಮ್ಮ ಭಾಗದ ಹೊಲಗಳು ಕಂಡ ತಳಿಯೇ. ಇಂಥ ನಕ್ಷೆ ಕೈಯಲ್ಲಿದ್ದರೆ, ರೋಗ ತಡೆಯುವ ಗುಣ ಸಸಿಯಲ್ಲಿ ಅದ ಇಲ್ಲ ಎಂಬುದನ್ನು ಎಲೆಯ ಚೂರಿನಿಂದಲೇ ತಿಳಿಯುವ ದಾರಿ ಹುಡುಕಬಹುದು. ಬೇರೆ ಜೀವಿಯ ಗುಣ ತಂದು ಸೇರಿಸಬೇಕಿಲ್ಲ. ಇದೂ ಜೈವಿಕ ತಂತ್ರಜ್ಞಾನವೇ ಎಂದಾಗ ಬೇಡ ಎಂದ ಹುಡುಗರು ಸ್ವಲ್ಪ ಸುಮ್ಮನಾದರು.

2022ರ ಹಂಗಾಮು ಯಾರೂ ಮರೆತಿಲ್ಲ. ಹೂವು-ಕಾಯಿ ಹಿಡಿದು ನಿಂತ ತೊಗರಿ ನೆಟೆರೋಗಕ್ಕೆ ನಿಂತಲ್ಲೇ ಒಣಗಿತು. ಈ ರೋಗ ತರುವುದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಒಂದು ಬೂಷ್ಟು. ಟ್ರೈಕೋಡರ್ಮವೂ ಬೂಷ್ಟೇ, ಆದರೆ ಕೆಟ್ಟ ಬೂಷ್ಟನ್ನು ಅಡಗಿಸುವಂಥದ್ದು. ಕಿಲೋ ಬೀಜಕ್ಕೆ 4 ಗ್ರಾಂ ಸಾಕು. ಅದರಿಂದಲೇ ರೋಗ ಪೂರ್ತಿ ನಿಲ್ಲುತ್ತದೆ ಎಂದು ನಾವು ಹೇಳುವುದಿಲ್ಲ. ಬೆಳೆ ಬದಲಿಸಬೇಕು, ರೋಗ ತಡೆಯುವ ತಳಿ ಬಿತ್ತಬೇಕು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಒಂದು ವರ್ಷ ಪೊಟ್ಟಣದ ಮೇಲಿನ ತಾರೀಖು ನೋಡದೆ ತಂದೆವು. ಅದನ್ನು ಬೇಸಿಗೆಯೆಲ್ಲ ತಗಡಿನ ಕೆಳಗೆ ಇಟ್ಟೆವು. ಬಿತ್ತುವ ದಿನ ಅದೇ ಬೀಜಕ್ಕೆ ಕಾರ್ಬೆಂಡೆಜಿಮ್ ಪುಡಿಯನ್ನೂ ಹಚ್ಚಿದೆವು. ತೊಗರಿ ಒಣಗಿದಾಗ ಟ್ರೈಕೋಡರ್ಮವನ್ನು ಬೈದೆವು. ನಮ್ಮ ಓಣಿಯ ಕಾಲೇಜು ಹುಡುಗಿಯೊಬ್ಬಳು ಕೇಳಿ ನಕ್ಕಳು: "ಕಾಕಾ, ಅದು ಜೀವ ಇರೋದು. ಕಾದ ತಗಡಿನ ಕೆಳಗ ಸತ್ತಿರ್ತದ. ಉಳಿದದ್ದನ್ನ ನಿಮ್ಮ ಪುಡಿ ಕೊಂದದ. ಬೂಷ್ಟು ಕೊಲ್ಲೋ ಔಷಧಕ್ಕ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ತಿಳೀತದೇನ್ರಿ?" ಆಕೆ ಟ್ರೈಕೋಡರ್ಮದ ಪೊಟ್ಟಣ ಒಡೆದು ನೋಡಿದವಳಲ್ಲ. ಪುಸ್ತಕದಿಂದ ಹೇಳಿದಳು, ಹೇಳಿದ್ದು ಖರೆ ಇತ್ತು.

ಸಂಘಕ್ಕೆ ನಮ್ಮ ಬೇಡಿಕೆ ಇಷ್ಟೇ. ಟ್ರೈಕೋಡರ್ಮವನ್ನು ಬಿತ್ತನೆ ಹತ್ತಿರ ಬಂದಾಗ ಹೊಸದಾಗಿ ತರಿಸಿ, ತಂಪಿನಲ್ಲಿಟ್ಟು ಮಾರಬೇಕು. ಯಾರಾದರೂ ಸದಸ್ಯರು ಅರ್ಧ ಎಕರೆ ಹೊಲ ಈ ಹುಡುಗರಿಗೆ ಬಿಟ್ಟುಕೊಡಬೇಕು. ಅರ್ಧ ಸಾಲು ಉಪಚಾರ ಮಾಡಿದ ಬೀಜ, ಅರ್ಧ ಸಾಲು ಮಾಡದ ಬೀಜ ಬಿತ್ತಲಿ. ಡಿಸೆಂಬರಿನಲ್ಲಿ ಒಣಗಿದ ಗಿಡ ಅವರೇ ಎಣಿಸಲಿ. ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕರೆದು ತೋರಿಸೋಣ. ಬೇಕು-ಬೇಡ ಎಂಬ ಜಗಳ ಅವರು ಆ ಬದುವಿನ ಮೇಲೆ ಕುಂತು ಮಾಡಲಿ. ಲೆಕ್ಕ ಏನೇ ಬಂದರೂ ಮುಂದಿನ ವಾರ್ಷಿಕ ಸಭೆಯಲ್ಲಿ ಓದಿಸೋಣ.

ಹೊಲ ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬೇಕು.