ಒಡೆಯ ಬದಲಾದರೆ ಕಾವಲು ಯಾರದು?

(ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚೆ ಮಾತಾಡುವವರು ಗಡಿಯಾರ ನೋಡಿಕೊಂಡು ಮಾತಾಡಬೇಕು ಅಂತ ಕಾರ್ಯದರ್ಶಿಗಳು ಮೊದಲೇ ಹೇಳಿದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ನಾನು ಹನ್ನೊಂದು ವರ್ಷದಿಂದ ಈ ದೇಶದಲ್ಲಿ ಪ್ರೆಷರ್ ವೆಸೆಲ್, ಪೈಪು, ವಾಲ್ವುಗಳ ತಪಾಸಣೆ ಕೆಲಸ ಮಾಡ್ತಿದ್ದೀನಿ. ಪರಮಾಣು ಕಾರ್ಖಾನೆಯ ಒಳಗೆ ಕೆಲಸ ಮಾಡಿದವನಲ್ಲ. ಆದರೆ "ಇದನ್ನು ಪರೀಕ್ಷೆ ಮಾಡಿದವರು ಯಾರು? ಅವರಿಗೆ ಸಂಬಳ ಕೊಡೋರು ಯಾರು?" ಅನ್ನುವ ಎರಡು ಪ್ರಶ್ನೆಗಳೇ ನನ್ನ ಅನ್ನ. ಇವತ್ತು ಅವೇ ಪ್ರಶ್ನೆಗಳನ್ನು ಯುರೇನಿಯಂ ಸಂವರ್ಧನೆಯ ಕಾರ್ಖಾನೆಗಳ ಬಗ್ಗೆ ಕೇಳೋಣ ಅಂತಿದ್ದೇನೆ. ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಿ. ಸಂಬಂಧ ಇದೆ, ಕೊನೆಗೆ ಅಲ್ಲಿಗೇ ಬರ್ತೀನಿ.

ಎನ್‌ಸ್ಕೆಡೆಯಲ್ಲಿ ಓದುವ, ಹೆಂಗೆಲೊದಲ್ಲಿ ಕೆಲಸ ಮಾಡುವ ನಮ್ಮವರು ಎಷ್ಟೋ ಸಲ ರೈಲಿನಲ್ಲಿ ಅಲ್ಮೆಲೊ ದಾಟಿ ಹೋಗಿರ್ತೀರಿ. ಆ ಊರಲ್ಲಿ ಯುರೆಂಕೊ ಕಂಪನಿಯ ಕಾರ್ಖಾನೆ ಇದೆ. ಗಣಿಯಿಂದ ಬಂದ ಯುರೇನಿಯಂನಲ್ಲಿ ರಿಯಾಕ್ಟರಿಗೆ ಬೇಕಾದ 235ರ ಅಂಶ ಶೇಕಡಾ 0.7 ಮಾತ್ರ. ಅದನ್ನು ಶೇಕಡಾ 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ತಿಗೆ ಇಂಧನ ಆಗುತ್ತೆ. ನಮ್ಮ ಡೈರಿಗಳಲ್ಲಿ ಹಾಲನ್ನು ಜೋರಾಗಿ ತಿರುಗಿಸಿ ಕೆನೆ ಬೇರೆ ಮಾಡುವ ಯಂತ್ರ ನೋಡಿರ್ತೀರಲ್ಲ, ತತ್ವ ಅದೇ. ಇಲ್ಲಿ ಹಾಲಿನ ಬದಲು ಯುರೇನಿಯಂ ಹೆಕ್ಸಾಫ್ಲೋರೈಡ್ ಅನ್ನುವ ಅನಿಲ. ಒಂದು ಯಂತ್ರ ಬೇರ್ಪಡಿಸುವುದು ತೀರಾ ಸ್ವಲ್ಪ, ಅದಕ್ಕೇ ಸಾವಿರಾರು ಯಂತ್ರಗಳನ್ನು ಒಂದಕ್ಕೊಂದು ಜೋಡಿಸ್ತಾರೆ.

ಈ ಕಾರ್ಖಾನೆಗೆ ಕಾವಲು ಬೇಕಾಗಿರೋದು ಮೂರು ಕಾರಣಕ್ಕೆ. ಒಂದು, ಆ ಅನಿಲ ಹೊರಗೆ ಬಂದು ಗಾಳಿಯ ತೇವಕ್ಕೆ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಆಗುತ್ತೆ, ಅದು ಶ್ವಾಸಕೋಶ ಸುಡುತ್ತೆ. 1986ರ ಜನವರಿಯಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದ ಗೋರ್ ಎಂಬಲ್ಲಿ, ಅತಿಯಾಗಿ ತುಂಬಿದ ಒಂದು ಸಿಲಿಂಡರನ್ನು ಬಿಸಿ ಮಾಡಿದಾಗ ಅದು ಒಡೆದು ಒಬ್ಬ ಕೆಲಸಗಾರ ತೀರಿಕೊಂಡ. ಎರಡು, ಶೇಕಡಾ 4ಕ್ಕೆ ಏರಿಸುವಷ್ಟರಲ್ಲಿ ಬಾಂಬಿಗೆ ಬೇಕಾದ ಶೇಕಡಾ 90ರ ದಾರಿಯ ಹೆಚ್ಚಿನ ಶ್ರಮ ಮುಗಿದಿರುತ್ತೆ. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಅನ್ನುವ ಲೆಕ್ಕ ಅದಕ್ಕೇ ಕಟ್ಟುನಿಟ್ಟಾಗಿರಬೇಕು. ಮೂರು, ಯಂತ್ರದ ನಕ್ಷೆಯೇ ಗುಟ್ಟು. ಅದು ಯಾರ ಕೈಗೆ ಸಿಗುತ್ತೆ ಅನ್ನೋದರ ಮೇಲೆ ದೇಶದೇಶಗಳ ಹಣೆಬರಹ ನಿಂತಿದೆ.

ಇಷ್ಟು ಸೂಕ್ಷ್ಮವಾದ ಕಾರ್ಖಾನೆಯನ್ನು ಸರ್ಕಾರ ಖಾಸಗಿಯವರಿಗೆ ಮಾರಿದರೆ ಏನಾಗುತ್ತೆ? ಇದು ಬರೀ ಊಹೆಯ ಪ್ರಶ್ನೆ ಅಲ್ಲ. ಅಮೆರಿಕ ಮಾರಿಯೇ ಬಿಟ್ಟಿತು. ಒಹಾಯೊದ ಪೋರ್ಟ್ಸ್‌ಮೌತ್, ಕೆಂಟಕಿಯ ಪಡೂಕಾ, ಎರಡೂ ಸರ್ಕಾರಿ ಘಟಕಗಳು. ಅವನ್ನು ನಡೆಸಲು ಯುಸೆಕ್ ಎಂಬ ನಿಗಮ ಮಾಡಿ, 1998ರ ಜುಲೈನಲ್ಲಿ ಅದರ ಷೇರುಗಳನ್ನು ಮಾರುಕಟ್ಟೆಗೆ ಬಿಟ್ಟರು. ಸರ್ಕಾರಕ್ಕೆ ಸುಮಾರು 190 ಕೋಟಿ ಡಾಲರ್ ಬಂತು.

ಇಲ್ಲಿ ಒಂದು ಮಾತು. ಸರ್ಕಾರದ ಕೈಲಿದ್ದಾಗ ಎಲ್ಲ ಚೆನ್ನಾಗಿತ್ತು, ಖಾಸಗಿಯವರು ಬಂದು ಕೆಡಿಸಿದರು ಅನ್ನುವ ಕಥೆ ಕೇಳೋಕೆ ಸುಲಭ. ನಡೆದದ್ದು ಹಾಗಲ್ಲ. ದಶಕಗಳ ಕಾಲ ಆ ಘಟಕಗಳ ಒಡೆಯನೂ ಇಂಧನ ಇಲಾಖೆ, ಸುರಕ್ಷತೆ ನೋಡಿಕೊಳ್ಳುವುದೂ ಅದೇ ಇಲಾಖೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳೋರು ಯಾರು? ಪಡೂಕಾದಲ್ಲಿ ಪ್ಲುಟೋನಿಯಂ ಬೆರೆತ ಯುರೇನಿಯಂ ಮಧ್ಯೆ ಕೆಲಸ ಮಾಡಿದವರಿಗೆ ಆ ವಿಷಯವನ್ನೇ ಹೇಳಿರಲಿಲ್ಲ ಅನ್ನೋದು 1999ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಮರುವರ್ಷವೇ ಅಮೆರಿಕದ ಸಂಸತ್ತು ಪರಿಹಾರದ ಕಾಯ್ದೆ ಮಾಡಿ, ಕಾಯಿಲೆ ಬಿದ್ದವರಿಗೆ ಒಂದೂವರೆ ಲಕ್ಷ ಡಾಲರ್ ಕೊಡಬೇಕಾಯಿತು. ಮಾರಾಟದ ಸಿದ್ಧತೆಯಲ್ಲಿ ನಡೆದ ಒಂದು ಒಳ್ಳೆಯ ಕೆಲಸ ಏನು ಗೊತ್ತಾ? 1997ರ ಮಾರ್ಚ್‌ನಲ್ಲಿ, ಅಂದರೆ ಷೇರು ಮಾರುವ ಒಂದು ವರ್ಷಕ್ಕೂ ಮೊದಲೇ, ತಪಾಸಣೆಯನ್ನು ಎನ್ಆರ್‌ಸಿ ಅನ್ನುವ ಪ್ರತ್ಯೇಕ ಆಯೋಗದ ಕೈಗೆ ಕೊಟ್ಟರು.

ಆದರೆ ಎನ್ಆರ್‌ಸಿ ನೋಡಬಹುದಾಗಿದ್ದು ವಾಲ್ವು, ಸಿಲಿಂಡರು, ಲೆಕ್ಕದ ಪುಸ್ತಕ. ಕಂಪನಿಯ ವ್ಯಾಪಾರದ ಹಾದಿಯನ್ನು ತಿದ್ದುವುದು ಅದರ ಕೆಲಸ ಅಲ್ಲ. ರಷ್ಯಾದ ಅಣ್ವಸ್ತ್ರಗಳಿಂದ ತೆಗೆದ 500 ಟನ್ ಯುರೇನಿಯಂ ಅನ್ನು ಇಂಧನವಾಗಿ ಕೊಳ್ಳುವ 1993ರ ಒಪ್ಪಂದಕ್ಕೂ ಅಮೆರಿಕದ ಕಡೆಯ ಏಜೆಂಟ್ ಇದೇ ಯುಸೆಕ್. ಲೋಕಶಾಂತಿಯ ಕೆಲಸ ಒಂದು ಕೈಲಿ, ಷೇರುದಾರರ ಲಾಭ ಇನ್ನೊಂದು ಕೈಲಿ. ಪೋರ್ಟ್ಸ್‌ಮೌತ್ 2001ರಲ್ಲಿ ನಿಂತಿತು, ಪಡೂಕಾ 2013ರಲ್ಲಿ. 2014ರ ಮಾರ್ಚ್‌ನಲ್ಲಿ ಯುಸೆಕ್ ದಿವಾಳಿ ಅರ್ಜಿ ಹಾಕಿತು. ಆಮೇಲೆ ಆ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಸಂವರ್ಧನೆ ಮಾಡುವ ಘಟಕ ಅಂತ ಉಳಿದಿದ್ದು ನ್ಯೂ ಮೆಕ್ಸಿಕೊದ ಯೂನಿಸ್‌ನಲ್ಲಿರುವುದು ಒಂದೇ. ಅದು ನಮ್ಮ ಅಲ್ಮೆಲೊದ ಯುರೆಂಕೊದ್ದೇ!

ಈಗ ಅಲ್ಮೆಲೊಗೆ ಬರೋಣ. 1970ರ ಮಾರ್ಚ್ 4ರಂದು ನೆದರ್ಲೆಂಡ್ಸ್, ಬ್ರಿಟನ್, ಪಶ್ಚಿಮ ಜರ್ಮನಿ ಸೇರಿ ಇದೇ ಊರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಯುರೆಂಕೊದ ಮೂರನೇ ಒಂದು ಪಾಲು ಡಚ್ ಸರ್ಕಾರದ್ದು, ಒಂದು ಬ್ರಿಟಿಷ್ ಸರ್ಕಾರದ್ದು, ಇನ್ನೊಂದು ಜರ್ಮನಿಯ ಇಯಾನ್ ಮತ್ತು ಆರ್‌ಡಬ್ಲ್ಯುಇ ಅನ್ನುವ ವಿದ್ಯುತ್ ಕಂಪನಿಗಳದ್ದು. 2013ರಲ್ಲಿ ಬ್ರಿಟನ್ ತನ್ನ ಪಾಲು ಮಾರ್ತೀನಿ ಅಂದಿತು, ಜರ್ಮನ್ ಕಂಪನಿಗಳಿಗೂ ಮಾರುವ ಮನಸ್ಸಿತ್ತು. ಡಚ್ ಸಂಪುಟವೂ, ಸಾರ್ವಜನಿಕ ಹಿತಕ್ಕೆ ಭದ್ರತೆ ಸಿಗುವುದಾದರೆ ಮಾರಬಹುದು ಅಂತ ಅದೇ ವರ್ಷ ಸಂಸತ್ತಿಗೆ ತಿಳಿಸಿತು. ಕೊನೆಗೆ ಮಾರಾಟ ಆಗಲಿಲ್ಲ, ಪಾಲುಗಳು ಹಾಗೇ ಉಳಿದವು. ಆದರೆ ಆ ಚರ್ಚೆ ಒಂದು ವಿಷಯವನ್ನು ಬಿಡಿಸಿ ತೋರಿಸಿತು: ಇಲ್ಲಿ ಒಡೆತನ ಬೇರೆ, ಕಾವಲು ಬೇರೆ.

ಹೇಗೆ ಬೇರೆ ನೋಡಿ. ಮೂರು ಸರ್ಕಾರಗಳ ಜಂಟಿ ಸಮಿತಿ ಒಪ್ಪದೆ ತಂತ್ರಜ್ಞಾನ ಬೇರೆ ದೇಶಕ್ಕೆ ಹೋಗೋ ಹಾಗಿಲ್ಲ. ಆ ಅಧಿಕಾರ ಷೇರಿನಿಂದ ಬಂದದ್ದಲ್ಲ, ಒಪ್ಪಂದದಿಂದ ಬಂದದ್ದು. ಸಂವರ್ಧಿತ ಯುರೇನಿಯಂ ಕಾನೂನಿನ ಪ್ರಕಾರ ಯುರೇಟಮ್ ಸಮುದಾಯದ ಸ್ವತ್ತು, ಕಂಪನಿಗೆ ಇರೋದು ಬಳಸುವ ಹಕ್ಕು ಮಾತ್ರ. ಲೆಕ್ಕ ನೋಡೋಕೆ ಯುರೇಟಮ್ ಇನ್‌ಸ್ಪೆಕ್ಟರುಗಳೂ ಬರ್ತಾರೆ, ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರೂ ಬರ್ತಾರೆ. ದೇಶದೊಳಗೆ ಎಎನ್‌ವಿಎಸ್ ಅನ್ನುವ ಪರಮಾಣು ಸುರಕ್ಷತಾ ಪ್ರಾಧಿಕಾರ ಇದೆ. ಬೇರೆ ಬೇರೆ ಇಲಾಖೆಗಳಲ್ಲಿ ಹರಿದು ಹಂಚಿದ್ದ ಕೆಲಸವನ್ನು 2015ರಲ್ಲಿ ಒಂದೆಡೆ ತಂದು, 2017ರ ಆಗಸ್ಟ್ 1ರಿಂದ ಅದಕ್ಕೆ ಸ್ವತಂತ್ರ ಸ್ಥಾನ ಕೊಟ್ಟರು. ಷೇರು ಹಿಡಿದ ಹಣಕಾಸು ಸಚಿವರ ಕೈಕೆಳಗೆ ತಪಾಸಕ ಇಲ್ಲ. ನಾಳೆ ಒಡೆಯ ಬದಲಾದರೂ ಈ ಕಾವಲು ನಿಂತಿರಬೇಕು ಅನ್ನೋದೇ ಈ ಏರ್ಪಾಡಿನ ಅರ್ಥ.

ನಮ್ಮ ಊರ ಕಡೆಗೂ ಒಮ್ಮೆ ತಿರುಗಿ ನೋಡೋಣ. ಮೈಸೂರಿನ ಇಲವಾಲದ ಹತ್ತಿರ ರಟ್ಟೇಹಳ್ಳಿಯಲ್ಲಿ, ಜನ ಆರ್‌ಎಂಪಿ ಅಂತ ಕರೆಯುವ ಸಂವರ್ಧನಾ ಘಟಕ ಇದೆ. ಅದನ್ನು ನಡೆಸೋದು ಬಾರ್ಕ್. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲೂ ಬಾರ್ಕ್‌ಗೆ ಜಾಗ ಕೊಟ್ಟಿದ್ದಾರೆ. 1983ರಲ್ಲಿ ಹುಟ್ಟಿದ ನಮ್ಮ ನಿಯಂತ್ರಣ ಮಂಡಳಿ ಎಇಆರ್‌ಬಿಗೆ ಸ್ವಂತ ಕಾನೂನು ಬಲವಿಲ್ಲ ಅಂತ 2012ರಲ್ಲಿ ಸಿಎಜಿ ವರದಿಯೇ ಎತ್ತಿ ಹೇಳಿತು. ಬಾರ್ಕ್ ಘಟಕಗಳನ್ನಂತೂ 2000ದಲ್ಲೇ ಆ ಮಂಡಳಿಯ ವ್ಯಾಪ್ತಿಯಿಂದ ಹೊರಗಿಟ್ಟು, ಬಾರ್ಕ್‌ನದೇ ಸುರಕ್ಷತಾ ಸಮಿತಿಗೆ ಒಪ್ಪಿಸಿದ್ದರು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಶಾಂತಿ ಕಾಯ್ದೆ ಪರಮಾಣು ವಿದ್ಯುತ್ತಿಗೆ ಖಾಸಗಿಯವರನ್ನು ಬಿಟ್ಟುಕೊಂಡಿದೆ, ಎಇಆರ್‌ಬಿಗೆ ಕಾನೂನಿನ ಸ್ಥಾನವನ್ನೂ ಕೊಟ್ಟಿದೆ. ಸಂವರ್ಧನೆಯನ್ನು ಮಾತ್ರ ಕೇಂದ್ರ ಸರ್ಕಾರ ತನ್ನಲ್ಲೇ ಇಟ್ಟುಕೊಂಡಿದೆ. ಒಳ್ಳೆಯದೇ ಇರಬಹುದು. ಆದರೆ ಪಡೂಕಾದ ಪಾಠ ನೆನಪಿರಲಿ: ಸರ್ಕಾರದ ಕೈಲಿದೆ ಅನ್ನೋದು ಕಾವಲು ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಈಗ ನಮ್ಮ ವಿಷಯ. ಅಲ್ಮೆಲೊದ ಗುಟ್ಟು ಒಂದು ಸಲ ಹೊರಗೆ ಹೋಗಿದೆ, ನಿಮಗೆಲ್ಲ ಗೊತ್ತು. ಹೋದದ್ದು ಒಡೆತನ ಬದಲಾಗಿ ಅಲ್ಲ, ಗುತ್ತಿಗೆಯ ಸರಪಳಿಯಲ್ಲಿ. ಭೋಪಾಲದಲ್ಲಿ ಹುಟ್ಟಿದ, ಡೆಲ್ಫ್ಟ್‌ನಲ್ಲಿ ಓದಿದ ಅಬ್ದುಲ್ ಖದೀರ್ ಖಾನ್ 1972ರಿಂದ ಕೆಲಸ ಮಾಡಿದ್ದು ಆಮ್ಸ್ಟರ್‌ಡಾಮ್‌ನ ಎಫ್‌ಡಿಒ ಅನ್ನುವ ಉಪಗುತ್ತಿಗೆ ಪ್ರಯೋಗಾಲಯದಲ್ಲಿ. 1975ರ ಕೊನೆಗೆ ಆತ ಪಾಕಿಸ್ತಾನಕ್ಕೆ ಹೋದರು, ಮುಂದಿನದು ಇತಿಹಾಸ. ಇಲ್ಲಿನ ನ್ಯಾಯಾಲಯ 1983ರಲ್ಲಿ ಅವರ ಗೈರುಹಾಜರಿಯಲ್ಲೇ ನಾಲ್ಕು ವರ್ಷದ ಶಿಕ್ಷೆ ಕೊಟ್ಟಿತು. ಸಮನ್ಸ್ ಸರಿಯಾಗಿ ತಲುಪಿಲ್ಲ ಅನ್ನುವ ಕಾರಣಕ್ಕೆ 1985ರಲ್ಲಿ ಅದೂ ರದ್ದಾಯಿತು.

ಇದನ್ನು ಮೊದಲು ಗಮನಿಸಿದವರು ಯಾರು? ದೊಡ್ಡ ಅಧಿಕಾರಿ ಅಲ್ಲ, ಇನ್‌ಸ್ಪೆಕ್ಟರ್ ಅಲ್ಲ. ಅದೇ ಪ್ರಯೋಗಾಲಯದ ಫೋಟೋಗ್ರಾಫರ್ ಫ್ರಿಟ್ಸ್ ವೇರ್ಮನ್. ಮೇಲಿನವರಿಗೆ ಹೇಳಿದರು, ಯಾರೂ ಕಿವಿಗೊಡಲಿಲ್ಲ. 1978ರಲ್ಲಿ ಅವರ ಕೆಲಸವೇ ಹೋಯಿತು. ಅವರಿಗೆ ಅನ್ಯಾಯ ಆಗಿದೆ ಅಂತ ಇಲ್ಲಿನ ವಿಷಲ್‌ಬ್ಲೋವರ್ ಸಂಸ್ಥೆ ಹೇಳಿದ್ದು 2020ರಲ್ಲಿ. 2021ರಲ್ಲಿ ಅವರು ತೀರಿಕೊಂಡರು. ನಲವತ್ತೆರಡು ವರ್ಷ ಸ್ವಾಮಿ, ಒಂದು ಮಾತು ನಿಜ ಅಂತ ಒಪ್ಪಿಕೊಳ್ಳೋಕೆ!

ಸರ್ಕಾರ ಇದರಿಂದ ಕಲಿತದ್ದೆಲ್ಲ ಸರಿಯಾದ ಪಾಠವೂ ಅಲ್ಲ. 2008ರಲ್ಲಿ ಇರಾನ್ ಮೇಲಿನ ನಿರ್ಬಂಧದ ಹೆಸರಿನಲ್ಲಿ, ಇರಾನಿನ ಪಾಸ್‌ಪೋರ್ಟ್ ಇದ್ದವರಿಗೆ ಕೆಲವು ಕೋರ್ಸುಗಳನ್ನೂ ಅಲ್ಮೆಲೊದಂಥ ಪರಮಾಣು ತಾಣಗಳನ್ನೂ ಮುಚ್ಚಿದರು. ಇದು ತಾರತಮ್ಯ ಅಂತ 2010ರಲ್ಲಿ ಹೇಗ್ ನ್ಯಾಯಾಲಯ, 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟವು. ಪಾಸ್‌ಪೋರ್ಟ್ ನೋಡಿ ಕಾಯೋದು ಸೋಮಾರಿ ಕಾವಲು. ವೇರ್ಮನ್ ಪಾಸ್‌ಪೋರ್ಟ್ ನೋಡಲಿಲ್ಲ, ಎದುರಿಗೆ ಏನು ನಡೀತಿದೆ ಅಂತ ನೋಡಿದರು.

ನಮ್ಮಲ್ಲಿ ಎಷ್ಟು ಜನ ಡಿಟಾಶೇರಿಂಗ್ ಕಂಪನಿಗಳ ಮೂಲಕ, ಉಪಗುತ್ತಿಗೆಯಲ್ಲಿ, ಕೆಮಿಕಲ್ ಪ್ಲಾಂಟುಗಳಲ್ಲಿ, ಬಂದರುಗಳಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇದ್ದೀವಿ? ನಾವೇ ಆ ಸರಪಳಿಯ ಕೊನೆಯ ಕೊಂಡಿ. ಕೆನ್ನಿಸ್‌ಮಿಗ್ರಾಂಟ್ ಪರ್ಮಿಟ್ ಇದ್ದವರಿಗೆ ಕೆಲಸ ಹೋದರೆ ಹೊಸದು ಹುಡುಕೋಕೆ ಮೂರು ತಿಂಗಳು. ಮನೆ ಸಾಲ, ಮಕ್ಕಳ ಶಾಲೆ, ಊರಲ್ಲಿ ಅಪ್ಪ ಅಮ್ಮ. ಬಾಯಿ ಬಿಡೋಕೆ ಭಯ ಆಗೋದು ಸಹಜ, ಅದನ್ನು ಹೇಡಿತನ ಅಂತ ನಾನು ಹೇಳಲಾರೆ. ಸರ್ಟಿಫಿಕೇಟಿನ ದಿನಾಂಕ ಸರಿಯಿಲ್ಲ ಅಂತ ನಾನು ಬರೆದು ಕೊಟ್ಟಾಗ "ನೀನು ಎಷ್ಟು ದಿನ ಇರ್ತೀಯ ಇಲ್ಲಿ?" ಅಂತ ನಗುನಗುತ್ತಾ ಕೇಳಿದವರಿದ್ದಾರೆ.

ಅದಕ್ಕೇ ಈ ಮಾಹಿತಿ ಇಟ್ಟುಕೊಳ್ಳಿ. 2023ರ ಫೆಬ್ರವರಿ 18ರಿಂದ ಇಲ್ಲಿ ಹೊಸ ವಿಷಲ್‌ಬ್ಲೋವರ್ ರಕ್ಷಣಾ ಕಾಯ್ದೆ ಜಾರಿಯಲ್ಲಿದೆ. 50 ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ದೂರು ಕೊಡುವ ವ್ಯವಸ್ಥೆ ಇರಲೇಬೇಕು. ಗುತ್ತಿಗೆಯವರಿಗೂ ರಕ್ಷಣೆ ಇದೆ. ದೂರು ಕೊಟ್ಟವರನ್ನು ತೆಗೆದುಹಾಕಿದರೆ, ಅದು ದೂರಿನ ಕಾರಣಕ್ಕಲ್ಲ ಅಂತ ಸಾಬೀತು ಮಾಡಬೇಕಾದವರು ಕಂಪನಿಯವರು. ಕಂಪನಿಗೆ ಹೇಳದೆ ನೇರವಾಗಿ ಹೊರಗಿನ ಪ್ರಾಧಿಕಾರಕ್ಕೂ ಹೋಗಬಹುದು. ಪರಮಾಣು ವಿಷಯಕ್ಕೆ ಎಎನ್‌ವಿಎಸ್ ಅಂಥದ್ದೊಂದು. ಬರೆದು ಕೊಡಿ, ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಸಂಘದಲ್ಲಿ ಯಾರಿಗಾದರೂ ತಿಳಿಸಿ. ಪರ್ಮಿಟ್ ತೊಂದರೆ ಬಂದರೆ ವಕೀಲರನ್ನು ಹುಡುಕಿ ಕೊಡುವ ಕೆಲಸ ನಮ್ಮ ಸಂಘ ವಹಿಸಿಕೊಳ್ಳಬೇಕು ಅಂತ ಈ ಸಭೆಯ ಮುಂದೆ ಸೂಚನೆ ಇಡ್ತಿದ್ದೀನಿ. ಚರ್ಚೆ ಮಾಡಿ, ಆದರೆ ಇವತ್ತೇ ತೀರ್ಮಾನ ಆಗಲಿ.

ಕಾರ್ಖಾನೆಗಳು ಕೈ ಬದಲಾಯಿಸ್ತಾನೇ ಇರ್ತವೆ. ಒಪ್ಪಂದ ಬೇಕು, ಪ್ರಾಧಿಕಾರ ಬೇಕು, ವಿಯೆನ್ನಾದಿಂದ ಬರುವ ಇನ್‌ಸ್ಪೆಕ್ಟರೂ ಬೇಕು. ಆದರೆ ದಿನಾ ಬೆಳಿಗ್ಗೆ ಆ ವಾಲ್ವಿನ ಮುಂದೆ ನಿಲ್ಲೋದು ಕೆಲಸಗಾರರು. ಅವರು ಕಂಡದ್ದನ್ನು ಹೆದರದೆ ಹೇಳುವ ಹಾಗಿದ್ದರೆ ಮಾತ್ರ ಉಳಿದ ಕಾವಲಿಗೆಲ್ಲ ಅರ್ಥ.

ಬಿಸಿಬೇಳೆಬಾತ್ ಆರುವ ಮುಂಚೆ ನಿಲ್ಲಿಸ್ತೀನಿ.