ಕೈತೋಟದ ಹಕ್ಕಿಗಳಿಗೆ ಏನು ಕೊಡಬೇಕು?



ಮನೆಯಂಗಳಕ್ಕೆ ಹಕ್ಕಿಗಳು ಬರಬೇಕೆಂದು ಯಾರಿಗೆ ಆಸೆಯಿಲ್ಲ? ಅದಕ್ಕಾಗಿ ಪೇಟೆಯಲ್ಲಿರುವ ಅನೇಕರು ತಾರಸಿಯ ಮೇಲೆ ದಿನವೂ ಅಕ್ಕಿ ಚೆಲ್ಲುತ್ತಾರೆ. ಕೆಲವೇ ದಿನಗಳಲ್ಲಿ ಪಾರಿವಾಳಗಳ ಹಿಂಡು ಬಂದು ನೆಲೆಸುತ್ತದೆ. ಸಣ್ಣ ಹಕ್ಕಿಗಳಿಗೆ ಜಾಗವೇ ಉಳಿಯುವುದಿಲ್ಲ. ಪಾರಿವಾಳದ ಹಿಕ್ಕೆ ಒಣಗಿ, ಧೂಳಾಗಿ ಉಸಿರಿನೊಡನೆ ಒಳಸೇರಿದರೆ ಕೆಲವರಿಗೆ ಶ್ವಾಸಕೋಶದ ಕಾಯಿಲೆಯೂ ಬರಬಹುದು. ಹಾಗಾದರೆ ನಾವು ಕೊಡಬೇಕಾದದ್ದೇನು?

ಎಲ್ಲ ಹಕ್ಕಿಗಳೂ ಕಾಳು ತಿನ್ನುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಸೂರಕ್ಕಿಗೆ ಹೂವಿನ ಮಕರಂದ ಇಷ್ಟ. ಪಿಕಳಾರ, ಕುಟ್ರ ಹಕ್ಕಿಗಳಿಗೆ ಹಣ್ಣು. ಮಡಿವಾಳ ಹಕ್ಕಿ, ಸಿಂಪಿಗಗಳಿಗೆ ಹುಳುಹುಪ್ಪಟೆ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಎಳೆಯ ಮರಿಗಳಿಗೆ ಹೆಚ್ಚಾಗಿ ಉಣಿಸುವುದು ಹುಳುಗಳನ್ನೇ. ಆದ್ದರಿಂದ ಗಿಡದಲ್ಲಿ ಒಂದು ಹುಳು ಕಂಡೊಡನೆ ಔಷಧಿ ಸಿಂಪಡಿಸಿದರೆ, ಮರಿಗಳ ಬಾಯಿಯ ತುತ್ತನ್ನೇ ಕಸಿದಂತಾಗುತ್ತದೆ. ನಿಂಬೆ, ಕರಿಬೇವಿನ ನಾಲ್ಕು ಎಲೆಗಳನ್ನು ಹುಳು ಮೇಯ್ದರೆ ಗಿಡ ಸಾಯುವುದಿಲ್ಲ.

ದಾಸವಾಳ, ರತ್ನಗಂಧಿ ನೆಡಿ. ಸೂರಕ್ಕಿ ತಾನಾಗಿ ಹುಡುಕಿಕೊಂಡು ಬರುತ್ತದೆ. ಕರಿಬೇವಿನ ಕಪ್ಪು ಹಣ್ಣು ಕೋಗಿಲೆ, ಪಿಕಳಾರಗಳಿಗೆ ಪ್ರಿಯ. ಸ್ವಲ್ಪ ಜಾಗವಿದ್ದರೆ ಗಸಗಸೆ ಹಣ್ಣಿನ ಮರ ಬೆಳೆಸಬಹುದು. ಅದು ಬೇಗ ಬೆಳೆದು, ವರ್ಷದ ಬಹುಪಾಲು ಹಣ್ಣು ಬಿಡುತ್ತದೆ. ಸೀಬೆ, ಪಪ್ಪಾಯಿ ಕೊಯ್ಯುವಾಗ ಒಂದೆರಡನ್ನು ಮರದಲ್ಲೇ ಬಿಡಿ.

ಬೇಸಿಗೆಯಲ್ಲಿ ಊಟಕ್ಕಿಂತ ಮುಖ್ಯವಾದುದು ನೀರು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲ ಮೀರದಂತೆ ನೀರು ಹಾಕಿ, ನಡುವೆ ಒಂದು ಕಲ್ಲಿಡಿ. ತಟ್ಟೆ ನೆರಳಿನಲ್ಲಿರಲಿ, ಆದರೆ ಬೆಕ್ಕು ಅಡಗಿ ಕೂರುವ ಪೊದೆಗೆ ತೀರ ಹತ್ತಿರ ಬೇಡ. ದಿನವೂ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಹೊಸ ನೀರು ತುಂಬಿ. ಇಲ್ಲವಾದರೆ ಸೊಳ್ಳೆಗಳು ಬೆಳೆಯುತ್ತವೆ. ಒಂದು ಹಕ್ಕಿಯ ರೋಗ ಇನ್ನೊಂದಕ್ಕೆ ಅಂಟುತ್ತದೆ.

ಕಾಳು ಹಾಕಲೇಬೇಕೆಂದಿದ್ದರೆ ಭತ್ತದ ತೆನೆಗಳನ್ನು ಕಟ್ಟಿ ಸೂರಿನಡಿ ತೂಗುಹಾಕಿ. ನಮ್ಮ ಹಳ್ಳಿಗಳ ಈ ಹಳೆಯ ಪದ್ಧತಿಯಲ್ಲಿ ಜಾಣತನವಿದೆ: ಹಗುರವಾದ ಗುಬ್ಬಚ್ಚಿ ತೆನೆಗೆ ಜೋತುಬಿದ್ದು ತಿನ್ನಬಲ್ಲದು, ಭಾರದ ಪಾರಿವಾಳಕ್ಕೆ ಅದು ಸುಲಭವಲ್ಲ. ಉಪ್ಪು ಖಾರದ ತಿಂಡಿ, ಬೂಷ್ಟು ಹಿಡಿದ ಕಡಲೆಕಾಯಿ ಮಾತ್ರ ಬೇಡ.

ನಿಮ್ಮ ಹೂಕುಂಡದಲ್ಲೇ ಪಿಕಳಾರ ಗೂಡು ಕಟ್ಟಿದರೆ ಕುಂಡವನ್ನು ಸರಿಸಬೇಡಿ, ಪದೇ ಪದೇ ಇಣುಕಬೇಡಿ. ಮೊಟ್ಟೆಯಿಟ್ಟ ಮೇಲೆ ಮರಿ ಹಾರಿಹೋಗಲು ಸುಮಾರು ನಾಲ್ಕು ವಾರ ಸಾಕು. ಅಷ್ಟು ದಿನ ಆ ಗಿಡಕ್ಕೆ ನಿಧಾನವಾಗಿ, ಬುಡಕ್ಕಷ್ಟೇ ನೀರು ಹಾಕಿದರಾಯಿತು.

ಹೂವು, ಹಣ್ಣು, ಹುಳು, ನೀರು ಇವಿಷ್ಟು ನಿಮ್ಮ ತೋಟದಲ್ಲಿರಲಿ. ಹಕ್ಕಿಗಳು ತಮ್ಮ ಊಟವನ್ನು ತಾವೇ ದುಡಿದುಕೊಳ್ಳುತ್ತವೆ.