ಪಂಚವಟಿಯ ಬಾಲ್ಕನಿಯಲ್ಲಿ ಹಡಗಲಿ ಮಲ್ಲಿಗೆ

ಈ ವೇದಿಕೆಗೆ ಸಾಮಾನ್ಯವಾಗಿ ಕರಿಯರ್, ವೀಸಾ, ಹೂಡಿಕೆ ಬಗ್ಗೆ ಮಾತಾಡೋರು ಬರ್ತಾರೆ. ನಾನು ಒಂದು ಹೂವಿನ ಕುಂಡದ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಹದಿನೈದು ನಿಮಿಷ ಸಹಿಸಿಕೊಳ್ಳಿ. (ನಗು)

ನಾನು ಹೂವಿನಹಡಗಲಿಯವನು. ಎಂ.ಟೆಕ್ ಮುಗಿಸಿ ಬೆಂಗಳೂರಲ್ಲಿ ಆರು ವರ್ಷ, ಪುಣೆಯಲ್ಲಿ ಮೂರು ವರ್ಷ ಕೋಡ್ ಬರೆದೆ. ಆಮೇಲೆ ಹೆಂಡತಿಗೆ ನಾಸಿಕ್‌ಗೆ ವರ್ಗವಾಯ್ತು. ನನ್ನದು ಹೇಗೂ ಮನೆಯಿಂದಲೇ ಕೆಲಸ, ಹಾಗಾಗಿ ಪಂಚವಟಿಯಲ್ಲಿ ಮನೆ ಮಾಡಿದ್ವಿ. ಐದು ಆಲದ ಮರಗಳಿಂದ ಹೆಸರು ಪಡೆದ ಜಾಗ ಇದು. ಒಂದು ಕಡೆ ಕಾಳಾರಾಮ ದೇವಸ್ಥಾನ, ಇನ್ನೊಂದು ಕಡೆ ಗೋದಾವರಿ. ಆದರೆ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು, ಪಶ್ಚಿಮಕ್ಕೆ ತೆರೆದ ಸಣ್ಣ ಬಾಲ್ಕನಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಿಲ್ಲೋಕಾಗಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನ ಇಲ್ಲಿಗೆ ಕರ್ಕೊಂಡು ಬಂದೆ. ಬರುವಾಗ ಅವ್ವ ಒಂದು ಹಳೇ ಎಣ್ಣೆ ಡಬ್ಬಿಯಲ್ಲಿ ಮಲ್ಲಿಗೆ ಗಿಡ ತಂದಳು. ರೈಲಿನಲ್ಲಿ ಉದ್ದಕ್ಕೂ ಅದನ್ನ ಕಾಲ ಹತ್ತಿರವೇ ಇಟ್ಕೊಂಡಿದ್ದಳು. ನಮ್ಮೂರ ಮಲ್ಲಿಗೆ ಗೊತ್ತಲ್ಲ? ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಜೊತೆಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೂರನೆಯದು ಹಡಗಲಿ ಮಲ್ಲಿಗೆ. ಹಿಂದೆ ಹಂಪಿಗೆ ಇಲ್ಲಿಂದಲೇ ಹೂ ಹೋಗ್ತಿತ್ತು, ಅದಕ್ಕೇ ಊರಿಗೆ ಈ ಹೆಸರು ಬಂತು ಅಂತ ನಮ್ಮಲ್ಲಿ ಹೇಳ್ತಾರೆ.

ಈಗ ನನ್ನ ಸಾಧನೆ ಕೇಳಿ. ಗಿಡಕ್ಕೆ ನೀರು ಹಾಕೋದನ್ನೂ ಆಟೋಮೇಟ್ ಮಾಡಿದೆ. ಮಣ್ಣಿನ ತೇವ ಅಳೆಯೋ ಸೆನ್ಸರು, ಸಣ್ಣ ಪಂಪು, ಒಂದು ಮೈಕ್ರೋಕಂಟ್ರೋಲರ್. ಮಣ್ಣು ಒಣಗಿದರೆ ಪಂಪು ಆನ್, ನನ್ನ ಫೋನಿಗೆ ಮೆಸೇಜು. ಮೂರು ವಾರದಲ್ಲಿ ಎಲೆ ಎಲ್ಲಾ ಹಳದಿಯಾಯ್ತು. ಮೊಗ್ಗಂತೂ ಒಂದೂ ಇಲ್ಲ.

ಡೀಬಗ್ ಮಾಡಿದಾಗ ಗೊತ್ತಾಯ್ತು. ಸೆನ್ಸರ್ ಇದ್ದದ್ದು ಮೇಲಿನ ಎರಡು ಇಂಚಿನಲ್ಲಿ. ಬಿಸಿಗಾಳಿಗೆ ಆ ಪದರ ಗಂಟೆಗಟ್ಟಲೆ ತೇವ ಹಿಡಿಯಲ್ಲ. ಕೆಳಗೆ, ಬೇರು ಇರೋ ಕಡೆ, ಇಲ್ಲಿನ ಎರೆಮಣ್ಣು ನೀರನ್ನ ಬಿಡಲೇ ಇಲ್ಲ. ಸೆನ್ಸರ್ ಸುಳ್ಳು ಹೇಳಿರಲಿಲ್ಲ. ನಾನು ತಪ್ಪು ಜಾಗದಲ್ಲಿ ಕೇಳಿದ್ದೆ. ಮೇಲೆ ಒಣಗಿದೆ ಅಂತ ನೀರು ಹಾಕ್ತಾ ಹಾಕ್ತಾ ಕೆಳಗೆ ಬೇರು ಕೊಳೆಸಿದ್ದೆ.

ಅದೇ ವಾರ ಅವ್ವ ಅಂದಳು, "ನನ್ನ ಊರಿಗೆ ಬಿಟ್ಟು ಬಾರಪ್ಪ."

ನನಗೆ ಅರ್ಥ ಆಗಲಿಲ್ಲ. ಏನು ಕಡಿಮೆ ಮಾಡಿದ್ದೆ? ಕೂಲರು, ಕನ್ನಡ ಚಾನೆಲ್ಲು, ವಾರಕ್ಕೊಮ್ಮೆ ದೇವಸ್ಥಾನ. ಅವ್ವ ಜಗಳ ಆಡಲಿಲ್ಲ. ಗಿಡ ತೋರಿಸಿ ಇಷ್ಟೇ ಹೇಳಿದಳು: "ಹೊತ್ತುಹೊತ್ತಿಗೆ ನೀರು ಹಾಕಿದ್ರ ಆಗಲ್ಲಪ್ಪ. ಗಿಡಕ್ಕ ನೀರಡಿಕೆ ಆಗ್ಬೇಕು, ಬಿಸಿಲು ಬೇಕು, ಯಾರಾದ್ರೂ ಬೊಟ್ಟು ಹಾಕಿ ನೋಡ್ಬೇಕು." ನಾನು ಟಿಕೆಟ್ ಬುಕ್ ಮಾಡಿದೆ. ಒಂದು ತಿಂಗಳ ಆಚೆಗೆ ಸಿಕ್ತು.

ಆ ಒಂದು ತಿಂಗಳಲ್ಲಿ ಅವ್ವ ಗಿಡವನ್ನ ಕೈಗೆ ತಗೊಂಡಳು. ಕೊಳೆತ ಬೇರು ಕತ್ತರಿಸಿ, ಕೆಂಪು ಮಣ್ಣು, ಮರಳು, ಗೊಬ್ಬರ ಬೆರೆಸಿ ತಳಕ್ಕೆ ತೂತಿದ್ದ ಮಣ್ಣಿನ ಕುಂಡಕ್ಕೆ ಹಾಕಿದಳು. ಚಿಗುರು ಬರೋವರೆಗೂ ಅರೆನೆರಳಲ್ಲಿ ಇಟ್ಟಳು. ರೆಂಬೆಗಳನ್ನ ಅರ್ಧಕ್ಕೆ ಸವರಿದಳು, ಯಾಕಂದ್ರೆ ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನಲ್ಲಿ. ಆಮೇಲೆ ಬಿಸಿಲಿಗೆ ತಂದು, ಕುಂಡಕ್ಕೆ ಒದ್ದೆ ಗೋಣಿ ಸುತ್ತಿದಳು. ನೀರು ಬೆಳಗ್ಗೆ ಮಾತ್ರ, ಅದೂ ಬೊಟ್ಟು ಒಣಗಿದ್ದು ಅಂತ ಹೇಳಿದರೆ ಮಾತ್ರ.

ಎದುರು ಮನೆ ಕಾಕೂ ಇದನ್ನೆಲ್ಲ ನೋಡ್ತಿದ್ದರು. ಅವರಿಗೆ ಕನ್ನಡ ಬರಲ್ಲ, ಅವ್ವನಿಗೆ ಮರಾಠಿ ಬರಲ್ಲ. ಕಾಕೂ ಅವ್ವನಿಗೆ "ಅಬೋಲಿ" ಅಂತ ಹೆಸರಿಟ್ಟಿದ್ದರು. ನಾನು ಬೈಗುಳ ಅಂದ್ಕೊಂಡೆ. ಕೇಳಿದರೆ, ಮರಾಠಿಯಲ್ಲಿ ಕನಕಾಂಬರಕ್ಕೆ ಅಬೋಲಿ ಅಂತಾರೆ, ಮಾತಾಡದವಳು ಅನ್ನೋ ಅರ್ಥವೂ ಅದಕ್ಕಿದೆ ಅಂದರು. ಅವ್ವನಿಗೆ ಹೇಳಿದೆ. ಆ ಮನೆಗೆ ಬಂದ ಮೇಲೆ ಅವ್ವ ಜೋರಾಗಿ ನಕ್ಕಿದ್ದು ಅದೇ ಮೊದಲು.

ಆವತ್ತಿಂದ ಹೂವಿನ ಹೆಸರಲ್ಲೇ ಅವರಿಬ್ಬರ ಭಾಷೆ ಶುರುವಾಯ್ತು. ದಾಸವಾಳ ಇಲ್ಲಿ ಜಾಸ್ವಂದ. ಸಂಪಿಗೆ ಸೋನ್‌ಚಾಫಾ. ನಿತ್ಯಪುಷ್ಪ ಸದಾಫುಲಿ. ಕಕ್ಕೆ ಮರ ಬಹಾವಾ. ಸಂಜೆ ಇಬ್ಬರೂ ತಪೋವನದ ಕಡೆ ನಡೆಯೋಕೆ ಹೋಗೋರು. ಅಲ್ಲಿ ಒಂದು ನೇರಳೆ ಹೂವಿನ ಮರ ತೋರಿಸಿ ಕಾಕೂ "ತಾಮ್ಹಣ" ಅಂದರಂತೆ. ಅದು ಮಹಾರಾಷ್ಟ್ರದ ರಾಜ್ಯ ಪುಷ್ಪ. ಅವ್ವ, "ಇದು ನಮ್ಮ ಹೊಳೆ ದಾಸವಾಳ ಅಲ್ಲೇನೋ" ಅಂತ ನನ್ನನ್ನ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾಲ್ಕು ಪ್ರೋಗ್ರಾಮಿಂಗ್ ಭಾಷೆ ಬರುತ್ತೆ, ನಮ್ಮ ಬೀದಿಯ ನಾಲ್ಕು ಮರದ ಹೆಸರು ಬರ್ತಿರಲಿಲ್ಲ.

ಮೇ ಎರಡನೇ ವಾರ ಗಿಡದಲ್ಲಿ ಮೊಗ್ಗು ಬಂತು. ಮೊದಲ ದಿನ ಹನ್ನೊಂದು. ಹಾಂ, ಎಣಿಸಿದ್ದೀನಿ. ಕೆಲವು ದಿನ ಬಿಟ್ಟು ಒಂದು ಬೊಗಸೆ. ಕಾಕೂ ಸೂಜಿಯಲ್ಲಿ ಗಜರಾ ಪೋಣಿಸೋರು. ಅವ್ವ ದಾರವನ್ನ ಕಾಲ್ಬೆರಳಿಗೆ ಸಿಕ್ಕಿಸಿ ಬರೀ ಕೈಯಲ್ಲೇ ಕಟ್ಟೋಳು. ಅದನ್ನ ಕಲಿಯೋಕೆ ಮೂರು ಮನೆಯ ಹೆಂಗಸರು ನಮ್ಮ ಹಾಲ್‌ನಲ್ಲಿ ಕೂತರು. ನಾನು ಕ್ಯಾಮೆರಾ ಆಫ್ ಮಾಡಿ ಮೀಟಿಂಗ್ ಮುಗಿಸಬೇಕಾಯ್ತು. (ನಗು) ಊರಿಗೆ ಹೋಗೋ ಎರಡು ದಿನ ಮುಂಚೆ ಅವ್ವ ಕೇಳಿದಳು, "ಟಿಕೆಟ್ ಕ್ಯಾನ್ಸಲ್ ಮಾಡಿದ್ರ ರೊಕ್ಕ ಎಷ್ಟು ಹೋಗುತ್ತೆ?"

ಸಿನಿಮಾ ಥರ ಎಲ್ಲಾ ಸುಖವಾಗಿ ಮುಗೀತು ಅಂತ ಹೇಳಲ್ಲ. ಅವ್ವ ಖಾಯಂ ಇಲ್ಲಿ ಉಳಿಯಲಿಲ್ಲ. ದಸರಾ ಆದ ಮೇಲೆ ಹಡಗಲಿಗೆ ಹೋಗ್ತಾಳೆ, ಹಿತ್ತಿಲ ಮಲ್ಲಿಗೆ ಸವರೋಕೆ. ಶಿವರಾತ್ರಿ ಹೊತ್ತಿಗೆ ವಾಪಸ್ ಬರ್ತಾಳೆ, ಇಲ್ಲಿನ ಕುಂಡಗಳಿಗೆ. ಈಗ ಹದಿನಾಲ್ಕು ಕುಂಡ. ನಮ್ಮ ಮನೆಯ ಕ್ಯಾಲೆಂಡರನ್ನ ಮಲ್ಲಿಗೆ ನಡೆಸ್ತಿದೆ. ಅವ್ವನನ್ನ ನನ್ನ ಮನೆಯಲ್ಲಿ ಇಟ್ಕೊಳ್ಳೋದೇ ಪ್ರೀತಿ ಅಂದ್ಕೊಂಡಿದ್ದೆ. ಅವಳಿಗೆ ಬೇಕಿದ್ದದ್ದು ಕೈಗೊಂದು ಕೆಲಸ, ಮಾತಿಗೊಂದು ಬೀದಿ.

ಎಲ್ಲಿಂದಲೋ ಬಂದು ಊರನ್ನ ತಮ್ಮದು ಮಾಡ್ಕೊಂಡವರು ನಾವೇ ಮೊದಲೇನಲ್ಲ. ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್ ಜರ್ಮನಿಯವರು. ವರ್ಷದ ಯಾವುದೇ ತಿಂಗಳಲ್ಲೂ ನಗರದ ಯಾವುದೋ ಒಂದು ಬೀದಿ ಹೂ ಬಿಟ್ಟಿರಬೇಕು ಅಂತ ಯೋಚಿಸಿ ಮರ ನೆಡಿಸಿದರು; 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ನಮ್ಮ ಬೇಸಿಗೆಯ ಗುಲ್‌ಮೊಹರ್ ಮಡಗಾಸ್ಕರ್‌ನದು. ಇನ್ನು ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತ ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ಹೇಳಿದೆ. ಆ ಲೆಕ್ಕದಲ್ಲಿ ನಾನು ಗಡಿ ದಾಟಿಲ್ಲ ಅಂತ ಅವ್ವನಿಗೆ ಹೇಳಿದೆ. "ಹಂಗಾದ್ರ ನೀರಿನ ಬಿಲ್ ಕಟ್ಟಬ್ಯಾಡ" ಅಂದಳು.

ನೀರಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಬೇಸಿಗೆಯಲ್ಲಿ ನೀರು ಕಡಿಮೆ ಆದಾಗ ಗಿಡಕ್ಕೆ ಸುರಿಯೋದು ಸರಿಯಲ್ಲ ಅಂತ ಸೊಸೈಟಿ ಸಭೆಯಲ್ಲಿ ಮಾತು ಬಂತು. ಅವರು ಹೇಳಿದ್ದು ನ್ಯಾಯವೇ. ಆಮೇಲೆ ನಲ್ಲಿ ನೀರು ಬಿಟ್ಟೆವು. ಅಕ್ಕಿ, ತರಕಾರಿ ತೊಳೆದ ನೀರು ಉಪ್ಪು ಹಾಕದೇ ಇದ್ದರೆ ಗಿಡಕ್ಕೆ ಒಳ್ಳೇದು. ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗೋ ನೀರಲ್ಲಿ ಲವಣ ಜಾಸ್ತಿ, ಅದನ್ನೇ ನೇರವಾಗಿ ಹಾಕ್ತಾ ಹೋದರೆ ಮಣ್ಣಲ್ಲಿ ಉಪ್ಪು ಕೂರುತ್ತೆ. ಅರ್ಧಕ್ಕರ್ಧ ತೊಳೆದ ನೀರು ಬೆರೆಸಿ ಹಾಕ್ತೀವಿ. ಮಳೆಗಾಲದಲ್ಲಿ ಕುಂಡಗಳನ್ನ ಮಳೆಗೆ ಇಟ್ಟು ತೊಳೆಸ್ತೀವಿ. ಮಣ್ಣಿನ ಮೇಲೆ ಒಣಗಿದ ಎಲೆ, ತೆಂಗಿನ ನಾರು ಹರಡಿದರೆ ನೀರು ಬೇಗ ಆರಲ್ಲ. ಇನ್ನೊಂದು ಮಾತು: ಯೂರಿಯಾ ಜಾಸ್ತಿ ಹಾಕಬೇಡಿ, ಎಲೆ ಬರುತ್ತೆ, ಹೂ ಬರಲ್ಲ.

ಮೊಘಲರ ಕಾಲದಲ್ಲಿ ನಾಸಿಕ್‌ಗೆ ಗುಲ್ಶನಾಬಾದ್ ಅಂತ ಹೆಸರಿತ್ತು, ಹೂದೋಟದ ಊರು. ನಾನು ಹೂವಿನ ಊರಿಂದ ಹೂದೋಟದ ಊರಿಗೇ ಬಂದಿದ್ದೆ. ಅದು ಗೊತ್ತಾಗೋಕೆ ಲ್ಯಾಪ್‌ಟಾಪ್ ಮುಚ್ಚಬೇಕಾಯ್ತು, ಅಷ್ಟೇ.

ನೀವು ಪುಣೆಯಲ್ಲಿರಿ, ಹೈದರಾಬಾದಲ್ಲಿರಿ, ಡಲ್ಲಾಸಲ್ಲಿರಿ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಈಗ ಯಾವ ಹೂ ಬಿಟ್ಟಿದೆ ಅಂತ ನೋಡಿ, ಅದರ ಹೆಸರನ್ನ ಅಲ್ಲಿನವರ ಬಾಯಿಂದ ಕೇಳಿ ತಿಳ್ಕೊಳ್ಳಿ. ಗೂಗಲ್ ಲೆನ್ಸ್ ಬೇಡ. ಮನೇಲಿ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ.

ನನ್ನ ಸೆನ್ಸರ್ ಈಗಲೂ ಇದೆ. ಡ್ರಾಯರಿನಲ್ಲಿ.